ಸೂಜಿ ಚಿಕಿತ್ಸೆ: ಎಷ್ಟು ನಿರೀಕ್ಷಿಸಬೇಕು, ಎಲ್ಲಿ ನಿಲ್ಲಿಸಬೇಕು

ಅಕ್ಯುಪಂಕ್ಚರ್ ಚೀನಾ ಮೂಲದ ಚಿಕಿತ್ಸೆ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ಸೂಜಿಗಳನ್ನು ಮೈಮೇಲಿನ ಗೊತ್ತಾದ ಬಿಂದುಗಳಲ್ಲಿ ಚುಚ್ಚಿ, ಇಪ್ಪತ್ತು ಮೂವತ್ತು ನಿಮಿಷ ಹಾಗೇ ಬಿಟ್ಟು ತೆಗೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇಂಥ ಬಿಂದುಗಳು 361 ಇವೆ. ಯಾವ ಬಿಂದುವಿಗೆ ಎಷ್ಟು ಆಳ ಚುಚ್ಚಬೇಕು ಎಂದು ಹೇಳುವ ಪುಸ್ತಕಗಳಿಗೆ ಬರವಿಲ್ಲ. ಚುಚ್ಚಿದ ಮೇಲೂ ನೋವು ಹೋಗದಿದ್ದರೆ ಎದುರಿಗೆ ಕೂತ ರೋಗಿಗೆ ಏನು ಹೇಳಬೇಕು ಎಂಬುದು ಮಾತ್ರ ಪಾಠದಲ್ಲಿ ಅಷ್ಟಾಗಿ ಬರುವುದಿಲ್ಲ. ಚಿಕಿತ್ಸೆ ಸೋಲುವುದು ಯಾವ ಪದ್ಧತಿಯಲ್ಲೂ ಇದ್ದದ್ದೇ. ಎಷ್ಟರಮಟ್ಟಿಗೆ ಗುಣ ಕಾಣದಿದ್ದರೆ ಸೋತಿತು ಎನ್ನಬೇಕೆಂದು ಮೊದಲ ಸೂಜಿಗೆ ಮುಂಚೆಯೇ ತೀರ್ಮಾನಿಸಿಕೊಂಡವರು ಕಡಿಮೆ. ಒಳ್ಳೆಯ ಕ್ಲಿನಿಕ್ಕನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಈ ಲೇಖಕನಿಗೆ ಕಂಡಿಲ್ಲ.

ಹಳೇ ಬೆಂಗಳೂರಿನ ರೋಗಿ

ಚಾಮರಾಜಪೇಟೆ 1892ರಲ್ಲಿ ಹುಟ್ಟಿತು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದ ಬಡಾವಣೆಗಳು. ಕಾಯಿಲೆಗೆ ಹೆದರಿ ಗಾಳಿ ಬೆಳಕು ಹುಡುಕಿಕೊಂಡು ಬಂದವರು ಕಟ್ಟಿದ ಊರು ಎಂದರೂ ತಪ್ಪಿಲ್ಲ. ಇಲ್ಲಿನವರಿಗೆ ವೈದ್ಯಪದ್ಧತಿಗಳ ಅಭಾವ ಎಂದೂ ಇರಲಿಲ್ಲ. ಚಾಮರಾಜಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿ 1900ರ ವಿಕ್ಟೋರಿಯಾ ಆಸ್ಪತ್ರೆ ಇದೆ, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಇದೆ. ಆಯುರ್ವೇದ, ಹೋಮಿಯೋಪಥಿ, ಪುತ್ತೂರು ಕಟ್ಟು, ಫಿಸಿಯೋಥೆರಪಿ ಎಲ್ಲ ಒಂದೇ ರಸ್ತೆಯಲ್ಲಿ ಸಿಕ್ಕುವುದುಂಟು.

ಹೀಗಾಗಿ ಸೂಜಿ ಡಾಕ್ಟರ ಹತ್ತಿರ ಬರುವವರು ಸಾಮಾನ್ಯವಾಗಿ ಐದಾರು ಕಡೆ ತಿರುಗಿಯೇ ಬಂದಿರುತ್ತಾರೆ. ಕೈಯಲ್ಲಿ ಎಕ್ಸ್‌ರೇ, ಎಂ.ಆರ್.ಐ. ಫಿಲಂಗಳ ಚೀಲ, ಜೊತೆಗೆ ಮಗನೋ ಸೊಸೆಯೋ. ಮಂಡಿ ನೋವು, ಸೊಂಟ ನೋವು, ಹಿಡಿದುಕೊಂಡ ಕತ್ತು, ಮೇಲೆತ್ತಲಾಗದ ಭುಜ, ವರ್ಷಗಟ್ಟಲೆಯ ಅರೆತಲೆನೋವು. ಬಂದವರ ನಿರೀಕ್ಷೆ ಎರಡು ತುದಿಗಳಲ್ಲಿರುತ್ತದೆ. “ಪಕ್ಕದ ಮನೆಯವರಿಗೆ ಮೂರೇ ಸಿಟ್ಟಿಂಗಿಗೆ ಹೋಯ್ತಂತೆ, ಕೈಗುಣ ಅಷ್ಟು ಚೆನ್ನಾಗಿದೆಯಂತೆ” ಎನ್ನುವವರು ಒಂದು ಕಡೆ. “ಎಲ್ಲಾ ಆಯ್ತು, ಇದೂ ಒಂದು ನೋಡಿಬಿಡೋಣ ಅಂತ” ಎಂದು ನಿಟ್ಟುಸಿರು ಬಿಡುವವರು ಇನ್ನೊಂದು ಕಡೆ. ಮೊದಲನೆಯವರು ನಾಲ್ಕನೇ ಸಲಕ್ಕೆ ಮುನಿಸಿಕೊಳ್ಳುತ್ತಾರೆ. ಎರಡನೆಯವರು ಸ್ವಲ್ಪ ಗುಣವಾದರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಬ್ಬರನ್ನೂ ನಡುದಾರಿಗೆ ತರುವುದು ಸೂಜಿ ಹಿಡಿಯುವುದಕ್ಕಿಂತ ಕಷ್ಟದ ಕೆಲಸ.

ಪವಾಡದ ಮಾತು ಎಲ್ಲಿಂದ ಬಂತು

1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯಕೀಯ ತಂಡದಲ್ಲಿ ದ್ವಾರಕಾನಾಥ ಕೊಟ್ನಿಸ್ ಜೊತೆ ಕಲ್ಕತ್ತೆಯ ಡಾ. ಬಿ.ಕೆ. ಬಸು ಇದ್ದರು. ಕೊಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು, 1959ರಲ್ಲಿ ಅದನ್ನು ಭಾರತಕ್ಕೆ ತಂದರು. ದಕ್ಷಿಣಕ್ಕೆ ಇದು ಹಬ್ಬಿದ್ದರಲ್ಲಿ ಕೊಲಂಬೋದ ಡಾ. ಆಂಟನ್ ಜಯಸೂರ್ಯ ಅವರ ತರಬೇತಿಯ ಪಾಲೂ ಇದೆ.

ಜಗತ್ತಿನ ಕಿವಿಗೆ ಬಿದ್ದದ್ದು ಮಾತ್ರ 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಪೀಕಿಂಗಿನಲ್ಲಿದ್ದಾಗ ಅಪೆಂಡಿಕ್ಸ್ ಕಾಯಿಲೆಯಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಅದರ ಬಗ್ಗೆ ಬರೆದರು. ಸೂಜಿಯಿಂದಲೇ ಮರಗಟ್ಟಿಸಿ ಹೊಟ್ಟೆ ಕೊಯ್ದರು ಎಂಬ ಕತೆ ಇಂದಿಗೂ ಓಡಾಡುತ್ತಿದೆ. ರೆಸ್ಟನ್ ಬರೆದದ್ದು ಅದಲ್ಲ. ಆಪರೇಷನ್ ನಡೆದದ್ದು ಎಲ್ಲ ಕಡೆಯಂತೆ ಅರಿವಳಿಕೆಯ ಇಂಜೆಕ್ಷನ್ ಕೊಟ್ಟೇ. ಮಾರನೆಯ ದಿನ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮೂರು ಸೂಜಿ ಚುಚ್ಚಿ, ಮೂಲಿಕೆಯ ಶಾಖ ಕೊಟ್ಟರು, ತಾಸಿನೊಳಗೆ ಹಗುರವಾಯಿತು. ಹೊಟ್ಟೆಯುಬ್ಬರ ಇಳಿದ ಸಂಗತಿ ಬಾಯಿಂದ ಬಾಯಿಗೆ ಹೋಗುತ್ತ ಕೊಯ್ದರೂ ನೋವಾಗದ ಪವಾಡವಾಯಿತು. ಈಗ ಅದೇ ಕೆಲಸವನ್ನು ವಾಟ್ಸ್ಆ್ಯಪ್ ಮಾಡುತ್ತಿದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕಿಡ್ನಿ ಕಲ್ಲು ಎಲ್ಲಕ್ಕೂ ಒಂದೊಂದು ಬಿಂದುವಿನ ಚಿತ್ರ ಬೆಳಗಿನ ಶುಭಾಶಯದ ಜೊತೆ ಬರುತ್ತದೆ.

ಅಧ್ಯಯನಗಳು ಹೇಳುವುದೇನು

ಎಷ್ಟು ನಿರೀಕ್ಷಿಸಬಹುದು ಎನ್ನುವುದಕ್ಕೆ ಅಂದಾಜು ಕೊಡುವ ದೊಡ್ಡ ಪರೀಕ್ಷೆಗಳಲ್ಲಿ ಜರ್ಮನಿಯದು ಮುಖ್ಯ. 2007ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಬಹುಕಾಲದ ಸೊಂಟನೋವಿನ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುವಲ್ಲದ ಕಡೆ ಮೇಲುಮೇಲೆ ಸೂಜಿ, ಮೂರನೆಯದಕ್ಕೆ ಮಾತ್ರೆ, ವ್ಯಾಯಾಮದಂಥ ರೂಢಿಯ ಚಿಕಿತ್ಸೆ. ಆರು ತಿಂಗಳ ನಂತರ ನೋಡಿದಾಗ ಮೊದಲ ಗುಂಪಿನಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತ್ತು, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4.

ಸೂಜಿಯನ್ನು ಒಪ್ಪುವವರು ಮೊದಲ ಮತ್ತು ಮೂರನೆಯ ಅಂಕಿಯನ್ನು ತೋರಿಸುತ್ತಾರೆ, ಒಪ್ಪದವರು ಮೊದಲ ಮತ್ತು ಎರಡನೆಯದನ್ನು. ಜಗಳ ಮುಗಿದಿಲ್ಲ. ಕ್ಲಿನಿಕ್ಕಿನಲ್ಲಿ ಕೂತ ರೋಗಿಗೆ ಬೇಕಾದ ಅಂಕಿ ಬೇರೆ: ಅತ್ಯುತ್ತಮ ಏರ್ಪಾಡಿನಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಇದನ್ನು ಮೊದಲೇ ಹೇಳುವ ಚಿಕಿತ್ಸಕ ಸೋತಾಗ ತಲೆ ತಗ್ಗಿಸಬೇಕಾಗಿಲ್ಲ.

ಮುಂದೆ 2018ರಲ್ಲಿ 39 ಪ್ರಯೋಗಗಳ 20,827 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿಜವಾದ ಸೂಜಿಗೂ ನಕಲಿ ಸೂಜಿಗೂ ಸಣ್ಣದಾದರೂ ವ್ಯತ್ಯಾಸವಿದೆ ಎಂದು ಕಂಡಿತು. ಮಾರ್ಗಸೂಚಿಗಳು ಮಾತ್ರ ಒಂದೇ ಮಾತು ಹೇಳುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಸೂಜಿ ಆಗಬಹುದು ಎಂದಿತು, 2016ರಲ್ಲಿ ಬೇಡ ಎಂದಿತು. ಅರೆತಲೆನೋವು ಮರುಕಳಿಸದಂತೆ ಹತ್ತು ಸಲದವರೆಗೆ ಮಾಡಿಸಬಹುದು ಎಂದ ಅದೇ ಸಂಸ್ಥೆ, ಸವೆದ ಮಂಡಿಗೆ ಬೇಡ ಎಂದು 2022ರಲ್ಲಿ ಹೇಳಿತು. ಅಮೆರಿಕದ ಸಂಧಿವಾತ ತಜ್ಞರ ಸಂಘಟನೆ ಮಂಡಿ ಸವೆತಕ್ಕೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದೆ. ಗಾಂಧಿ ಬಜಾರಿನ ಮಹಡಿ ಮೇಲೆ ಕೂತು “ಇದು ವೈಜ್ಞಾನಿಕವಾಗಿ ಸಾಬೀತಾಗಿದೆ” ಎಂದು ಒಂದೇ ಉಸಿರಿಗೆ ಹೇಳುವವರು ಈ ಇತಿಹಾಸವನ್ನು ಓದಿಲ್ಲ ಎಂದೇ ತಿಳಿಯಬೇಕು.

ನಂಬಿಕೆಯ ಪಾಲು

ರೋಗಿಯ ನಿರೀಕ್ಷೆಯೂ ಫಲಿತಾಂಶದ ಒಂದು ಭಾಗ ಎಂಬುದು ಬರೀ ಊಹೆಯಲ್ಲ. ಅರೆತಲೆನೋವು, ಬಿಗಿತದ ತಲೆನೋವು, ಸೊಂಟನೋವು, ಮಂಡಿ ಸವೆತಗಳ ನಾಲ್ಕು ಜರ್ಮನ್ ಪ್ರಯೋಗಗಳ 864 ರೋಗಿಗಳನ್ನು 2007ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಹೆಚ್ಚು ಭರವಸೆಯಿಂದ ಬಂದವರಿಗೆ ಹೆಚ್ಚು ಗುಣ ಕಂಡಿತ್ತು. ಚುಚ್ಚಿದ್ದು ಅಸಲಿಯೋ ನಕಲಿಯೋ ಎಂಬುದಕ್ಕೆ ಅಷ್ಟು ಮಹತ್ವ ಇರಲಿಲ್ಲ.

ಹಾರ್ವರ್ಡಿನ ಟೆಡ್ ಕ್ಯಾಪ್ಚಕ್ ತಂಡದ 2008ರ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಕರುಳಿನ ಕಿರಿಕಿರಿಯ 262 ರೋಗಿಗಳಲ್ಲಿ ಮೊದಲ ಹಂತದಲ್ಲಿ ಯಾರಿಗೂ ನಿಜವಾಗಿ ಸೂಜಿ ಚುಚ್ಚಲಿಲ್ಲ. ಕಾಯುವ ಪಟ್ಟಿಯಲ್ಲಿ ಇಟ್ಟವರಲ್ಲಿ ಶೇ. 28 ಮಂದಿ ಸಾಕಷ್ಟು ಉಪಶಮನವಾಯಿತು ಎಂದರು. ಮಾತಿಲ್ಲದೆ ನಕಲಿ ಸೂಜಿ ಮಾಡಿದ ಗುಂಪಿನಲ್ಲಿ ಶೇ. 44. ಅದೇ ನಕಲಿ ಸೂಜಿಯನ್ನು ಆದರದಿಂದ ಮಾತಾಡಿಸಿ, ಕಷ್ಟ ಸುಖ ಕೇಳಿ, ಭರವಸೆ ಕೊಟ್ಟು ಮಾಡಿದಾಗ ಶೇ. 62.

ಇದರಿಂದ ಚಿಕಿತ್ಸಕನಿಗೆ ಒಂದು ಆಮಿಷವೂ ಒಂದು ಇಕ್ಕಟ್ಟೂ ಎದುರಾಗುತ್ತವೆ. ಭರವಸೆ ಏರಿಸಿದಷ್ಟೂ ಗುಣ ಹೆಚ್ಚುವುದಾದರೆ ಅಂಗೈಯಲ್ಲಿ ವೈಕುಂಠ ತೋರಿಸಿದರೆ ತಪ್ಪೇನು? ತಪ್ಪು ಏನೆಂದರೆ, ಆ ಶೇ. 62ರಲ್ಲಿ ಆದರ, ಆಲಿಸುವಿಕೆ, ಸಮಯ ಎಲ್ಲ ಕೂಡಿಕೊಂಡಿವೆ. ಸುಳ್ಳಿಗೆ ಅಲ್ಲಿ ಕೆಲಸವಿರಲಿಲ್ಲ. ರೋಗಿಯ ಹತ್ತಿರ ಇಪ್ಪತ್ತು ನಿಮಿಷ ಕೂತು ಮಾತಾಡುವುದು ಒಂದು, ನೂರಕ್ಕೆ ನೂರು ಗ್ಯಾರಂಟಿ ಎಂದು ಬೋರ್ಡು ಬರೆಸುವುದು ಇನ್ನೊಂದು. ಮೊದಲನೆಯದಕ್ಕೆ ಹೊತ್ತು ಹಿಡಿಯುತ್ತದೆ ಎಂಬ ಕಾರಣಕ್ಕೇ ಬಹಳ ಜನ ಎರಡನೆಯದನ್ನು ಆರಿಸಿಕೊಳ್ಳುತ್ತಾರೆ.

ಮೊದಲ ದಿನ

ಹಾಗಾದರೆ ಮಾತು ಹೇಗಿರಬೇಕು? ಬುಲ್ ಟೆಂಪಲ್ ರಸ್ತೆಯ ಆಸುಪಾಸಿನ ಕ್ಲಿನಿಕ್ಕೊಂದಕ್ಕೆ ಮಂಡಿ ನೋವಿನ ಹಿರಿಯ ಹೆಂಗಸೊಬ್ಬರು ಬಂದಿದ್ದಾರೆ ಎಂದಿಟ್ಟುಕೊಳ್ಳಿ.

“ಗುಣ ಆಗುತ್ತಾ ಡಾಕ್ಟ್ರೇ?”

“ಸವೆದಿರೋ ಮಂಡಿ ಸೂಜಿಯಿಂದ ಮೊದಲಿನ ಹಾಗೆ ಆಗಲ್ಲಮ್ಮ. ನೋವು ಕಡಿಮೆ ಆಗಬಹುದು, ಆಗದೆಯೂ ಇರಬಹುದು. ಈಗ ಹತ್ತಕ್ಕೆ ಎಷ್ಟು ಅಂತ ಹೇಳ್ತೀರಿ?”

“ಕೂತಿದ್ರೆ ಏನೂ ಇಲ್ಲ. ಮೆಟ್ಟಿಲು ಇಳಿಯೋವಾಗ ಏಳು, ಎಂಟು.”

“ನೋವು ಇಳಿದ್ರೆ ಮೊದಲು ಏನು ಮಾಡ್ಬೇಕು ಅಂತಿದೀರಿ?”

“ಪರಿಷೆ ಹೊತ್ತಿಗೆ ದೊಡ್ಡ ಬಸವಣ್ಣನ ಗುಡಿ ಮೆಟ್ಟಿಲು ಹತ್ತಿ ಬರ್ಬೇಕು. ಹೋದ ವರ್ಷ ಕೆಳಗೇ ನಿಂತ್ಕೊಂಡು ಕೈ ಮುಗಿದೆ.”

“ಸರಿ, ಅದನ್ನೇ ಬರ್ಕೊಳ್ತೀನಿ. ಆರು ಸಲ ನೋಡೋಣ. ಏಳು ಇದ್ದದ್ದು ಐದಕ್ಕಾದರೂ ಇಳೀಲಿಲ್ಲ ಅಂದ್ರೆ ನಾನೇ ನಿಲ್ಲಿಸ್ತೀನಿ. ಬಿ.ಪಿ. ಮಾತ್ರೆ ಬಿಡಬೇಡಿ, ತೊಡೆ ವ್ಯಾಯಾಮ ಬಿಡಬೇಡಿ.”

ಈ ಸಂಭಾಷಣೆಯಲ್ಲಿ ಬೇಕಾದ್ದೆಲ್ಲ ಇದೆ. ಎರಡು ಅಂಕ ಇಳಿಯಬೇಕು ಎಂಬುದು ಮನಸ್ಸಿಗೆ ಬಂದ ಸಂಖ್ಯೆಯಲ್ಲ. ಹತ್ತರ ಅಳತೆಯಲ್ಲಿ ಸುಮಾರು ಎರಡು ಅಂಕ, ಅಂದರೆ ಶೇ. 30ರಷ್ಟು ಇಳಿದರೆ ರೋಗಿಗೆ ಅದು ಅರ್ಥಪೂರ್ಣವಾದ ಬದಲಾವಣೆ ಎಂದು 2001ರ ಅಧ್ಯಯನವೊಂದು ತೋರಿಸಿತ್ತು, ನೋವಿನ ಸಂಶೋಧಕರು ಇಂದಿಗೂ ಅದನ್ನು ಬಳಸುತ್ತಾರೆ. ಅಂಕಕ್ಕಿಂತಲೂ ಗಟ್ಟಿಯಾದದ್ದು ಮೆಟ್ಟಿಲು. ನೆಲದ ಮೇಲೆ ಕೂತು ಪೂಜೆ ಮಾಡುವುದು, ಕಾಡು ಮಲ್ಲೇಶ್ವರನ ದೇವಸ್ಥಾನಕ್ಕೆ ಹತ್ತುವುದು, ಗಾಂಧಿ ಬಜಾರಿನಿಂದ ತರಕಾರಿ ಚೀಲ ಹೊತ್ತು ಎಲ್ಲೂ ಕೂರದೆ ಮನೆ ಸೇರುವುದು, ರಾತ್ರಿ ಮಗ್ಗುಲು ಬದಲಿಸಿದರೂ ಎಚ್ಚರವಾಗದಿರುವುದು: ರೋಗಿ ತಾನೇ ನೋಡಿಕೊಳ್ಳಬಹುದಾದ ಇಂಥ ಒಂದು ಕೆಲಸವನ್ನು ಫೈಲಿನಲ್ಲಿ ಬರೆದಿಟ್ಟರೆ, ಆರನೇ ಸಲಕ್ಕೆ “ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತೆ” ಎಂಬ ದಾಕ್ಷಿಣ್ಯದ ಉತ್ತರಕ್ಕೆ ಎಡೆ ಇರುವುದಿಲ್ಲ. ಹಳೇ ಬೆಂಗಳೂರಿನ ರೋಗಿಗೆ ಡಾಕ್ಟರ ಮನಸ್ಸು ನೋಯಿಸಬಾರದೆಂಬ ದಾಕ್ಷಿಣ್ಯ ಬಹಳ. ಹೇಳದೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಚಿಕಿತ್ಸಕರು ಅವರನ್ನು ಗುಣವಾದವರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ.

ಹಣದ ಮಾತೂ ಅದೇ ದಿನ ಆಗಬೇಕು. ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕಟ್ಟಿಸಿಕೊಂಡ ಮೇಲೆ ಆರಕ್ಕೇ ನಿಲ್ಲಿಸುವ ಧೈರ್ಯ ಎಷ್ಟು ಜನಕ್ಕಿದ್ದೀತು?

ತಾನಾಗಿ ಗುಣವಾಗುವವು

ಸೋಲನ್ನು ಅರ್ಥ ಮಾಡಿಕೊಳ್ಳಲು ಗೆಲುವನ್ನೂ ಅನುಮಾನದಿಂದ ನೋಡಬೇಕು. ನೋವು ತಾರಕಕ್ಕೇರಿದಾಗಲೇ ಜನ ಬರುವುದು. ಅಲ್ಲಿಂದ ಮುಂದೆ ಅದು ಇಳಿಯುವುದೇ ಸಹಜ. ಡಿಸ್ಕ್ ಜಾರಿ ಕಾಲಿಗೆ ಹರಿಯುವ ನೋವು ಬಹುತೇಕರಿಗೆ ಕೆಲವು ವಾರ, ತಿಂಗಳುಗಳಲ್ಲಿ ತಗ್ಗುತ್ತದೆ. ಹೆಪ್ಪುಗಟ್ಟಿದ ಭುಜ ಒಂದರಿಂದ ಮೂರು ವರ್ಷದಲ್ಲಿ ಸಾಕಷ್ಟು ಸಡಿಲವಾಗುತ್ತದೆ. ಕೊನೆಯಲ್ಲಿ ಯಾರ ಹತ್ತಿರ ಇದ್ದರೋ ಅವರಿಗೆ ಕೀರ್ತಿ.

ಇದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಳ್ಳುವವರು ಮುಖದ ಪಾರ್ಶ್ವವಾಯುವನ್ನು ನೋಡಬೇಕು. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರುತ್ತದೆ, ಒಂದು ಕಣ್ಣು ಮುಚ್ಚುವುದಿಲ್ಲ. ಬೆಲ್ಸ್ ಪಾಲ್ಸಿ ಎನ್ನುವ ಈ ಕಾಯಿಲೆಯಲ್ಲಿ ಏನೂ ಮಾಡದಿದ್ದರೂ ನೂರಕ್ಕೆ ಸುಮಾರು 71 ಮಂದಿ ಪೂರ್ತಿ ಗುಣವಾಗುತ್ತಾರೆ ಎಂದು ಡೆನ್ಮಾರ್ಕಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಅನುಸರಿಸಿ ತೋರಿಸಲಾಗಿದೆ. ಹಾಗಾಗಿ ಸೂಜಿ ಹಾಕಿದವರಿಗೆಲ್ಲ ಇದು ಹೆಸರು ತರುವ ಕಾಯಿಲೆ. ಆದರೆ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಶುರುಮಾಡಿದರೆ ಪೂರ್ತಿ ಚೇತರಿಸಿಕೊಳ್ಳುವವರ ಸಂಖ್ಯೆ ಗಮನಾರ್ಹವಾಗಿ ಏರುತ್ತದೆ. 2007ರ ಸ್ಕಾಟ್ಲೆಂಡ್ ಪ್ರಯೋಗದಲ್ಲಿ ಒಂಬತ್ತು ತಿಂಗಳಿಗೆ ಅದು ಶೇ. 94.4 ಇತ್ತು, ಆ ಮಾತ್ರೆ ಸಿಗದವರಲ್ಲಿ ಶೇ. 81.6. ಮೊದಲ ಮೂರು ದಿನ ಸೂಜಿಯಲ್ಲೇ ಕಳೆದರೆ ಆ ಅಂತರವನ್ನು ಮತ್ತೆ ತುಂಬಿಸಲಾಗುವುದಿಲ್ಲ. ಬಾಯಿ ಸೊಟ್ಟಗಾದದ್ದು ಮಿದುಳಿನ ಪಾರ್ಶ್ವವಾಯುವಾಗಿದ್ದರಂತೂ ಲೆಕ್ಕ ಗಂಟೆಗಳದ್ದು.

ಗುಣ ಕಾಣದಿದ್ದಾಗ

ಆರು ಸಲ ಆಯಿತು, ಏಳು ಏಳಾಗಿಯೇ ಇದೆ. ಮೊದಲು ಅನುಮಾನಿಸಬೇಕಾದದ್ದು ಬಿಂದುಗಳ ಆಯ್ಕೆಯನ್ನಲ್ಲ, ರೋಗನಿರ್ಣಯವನ್ನು. ಸೊಂಟನೋವಿನ ಜೊತೆ ಸಂಜೆ ಜ್ವರ, ತೂಕ ಇಳಿತ ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು; ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ತೊಡೆಸಂದಿಯ ಸುತ್ತ ಜೋಮು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಆ ರಾತ್ರಿಯೇ ಆಸ್ಪತ್ರೆ. ಎಡ ಭುಜದ ನೋವು ನಡೆದಾಗ ಬಂದು ನಿಂತಾಗ ಹೋದರೆ ಹೃದಯ ನೋಡಿಸಬೇಕು. ಎರಡನೆಯದಾಗಿ ದಿನಚರಿ: ಸೂಜಿ ಮಾಡಿಸಿಕೊಂಡು ಹೋಗಿ ಒಂಬತ್ತು ಗಂಟೆ ಕುರ್ಚಿಯಲ್ಲಿ ಬಾಗಿ ಕೂರುವವರ ಕತ್ತು ಯಾವ ಪದ್ಧತಿಗೂ ಬಗ್ಗುವುದಿಲ್ಲ. ಇವೆರಡೂ ಅಲ್ಲವಾದರೆ ಈ ಚಿಕಿತ್ಸೆ ಈ ವ್ಯಕ್ತಿಗೆ ಹಿಡಿಸಲಿಲ್ಲ ಅಷ್ಟೆ.

ಅಷ್ಟನ್ನು ಹೇಳಲು ನಾಲಿಗೆ ತಡವರಿಸುವುದರಿಂದಲೇ ನೆಪಗಳು ಹುಟ್ಟುತ್ತವೆ. “ನೋವು ಜಾಸ್ತಿಯಾದರೆ ಒಳ್ಳೇದು, ವಿಷ ಹೊರಗೆ ಬರ್ತಿದೆ.” “ನೀವು ಪಥ್ಯ ಸರಿಯಾಗಿ ಮಾಡಿಲ್ಲ.” “ಇಂಗ್ಲಿಷ್ ಮಾತ್ರೆ ತಗೊಳ್ತಿದ್ದೀರಲ್ಲ, ಅದಕ್ಕೇ.” “ನಿಮಗೆ ನಂಬಿಕೆ ಸಾಲದು.” ಗುಣವಾದರೆ ಚಿಕಿತ್ಸೆಯ ಹೆಗ್ಗಳಿಕೆ, ಆಗದಿದ್ದರೆ ರೋಗಿಯ ತಪ್ಪು. ಇವುಗಳಲ್ಲಿ ಅತಿ ಕ್ರೂರವಾದದ್ದು ಕೊನೆಯದು, ಅತಿ ಅಪಾಯದ್ದು ಮೂರನೆಯದು. ಮಾತ್ರೆಗಳನ್ನೆಲ್ಲ ಬಿಟ್ಟುಬಿಡಿ ಎನ್ನುವ ಪಂಥವೊಂದು ದಕ್ಷಿಣ ಭಾರತದಲ್ಲಿ ಬೇರೂರಿದೆ. ಇನ್ಸುಲಿನ್, ಅಪಸ್ಮಾರದ ಮಾತ್ರೆ, ರಕ್ತ ತೆಳುವಾಗಿಸುವ ಔಷಧಗಳನ್ನು ಅವರ ಮಾತಿಗೆ ನಿಲ್ಲಿಸುವುದು ಪ್ರಾಣಕ್ಕೆ ಕುತ್ತು.

ಸೂಜಿಯಿಂದಲೇ ತೊಂದರೆಯಾದರೆ

ಜರ್ಮನಿಯಲ್ಲಿ 2,29,230 ರೋಗಿಗಳನ್ನು ಕೇಳಿ 2009ರಲ್ಲಿ ಪ್ರಕಟಿಸಿದ ವರದಿಯಂತೆ ಶೇ. 8.6 ಮಂದಿ ಒಂದಾದರೂ ತೊಂದರೆ ಹೇಳಿದರು. ಬಹುಪಾಲು ಸಣ್ಣ ರಕ್ತಸ್ರಾವ, ಕರೆಗಟ್ಟುವುದು, ಚುಚ್ಚಿದ ಕಡೆ ನೋವು. ಶೇ. 2.2 ಮಂದಿಗೆ ಚಿಕಿತ್ಸೆ ಬೇಕಾಯಿತು. ಇಬ್ಬರಿಗೆ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡಿತ್ತು. ಅಂದರೆ ಅಪಾಯ ಕಡಿಮೆ, ಸೊನ್ನೆಯಲ್ಲ. ಭುಜದ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿದ ಮೇಲೆ ಉಸಿರು ಹಿಡಿದಂತಾದರೆ ಮನೆಗೆ ಹೋಗಿ ಮಲಗಬಾರದು.

ನಮ್ಮ ಕಡೆ ಹೆಚ್ಚಾಗಿ ಕಾಣುವುದು ತಲೆಸುತ್ತು. ಏಕಾದಶಿ, ಸಂಕಷ್ಟಿ ಉಪವಾಸವಿದ್ದು ಬಂದವರು, ಬೆಳಗ್ಗೆ ಬರೀ ಕಾಫಿ ಕುಡಿದು ಬಂದವರು ಕೂತಲ್ಲೇ ಬೆವತು ಬಿಳಿಚಿಕೊಳ್ಳುತ್ತಾರೆ. ಸೂಜಿ ತೆಗೆದು, ಮಲಗಿಸಿ, ಕಾಲು ಎತ್ತರದಲ್ಲಿಟ್ಟರೆ ಸರಿಹೋಗುತ್ತದೆ. ಮೊದಲೇ ಮಲಗಿಸಿ ಮಾಡಿದ್ದರೆ ಆ ಫಜೀತಿಯೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಶಾಖ ಕೊಟ್ಟು ಸುಟ್ಟ ಗಾಯವಾದರೆ ಮಾತ್ರ ಅದು ಸಣ್ಣ ವಿಷಯವಲ್ಲ. ಸೂಜಿ ಒಮ್ಮೆ ಬಳಸಿ ಬಿಸಾಡುವಂಥದ್ದಾಗಿರಬೇಕು, ರೋಗಿಯ ಎದುರೇ ಪೊಟ್ಟಣ ಒಡೆಯಬೇಕು, ಹಾಕಿದ್ದೆಷ್ಟು ತೆಗೆದದ್ದೆಷ್ಟು ಎಂದು ಎಣಿಸಬೇಕು.

ಕಾನೂನು

ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರಿನಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವಾಗಿ ಒಪ್ಪಿ, ನೋಂದಾಯಿತ ವೈದ್ಯರು ಅಥವಾ ತಕ್ಕ ತರಬೇತಿ ಪಡೆದವರು ಮಾಡಬಹುದೆಂದಿತು. 2019ರಲ್ಲಿ ಅದಕ್ಕೆ ಸ್ವತಂತ್ರ ಪದ್ಧತಿಯ ಮಾನ್ಯತೆ ಬಂತು. ಪಶ್ಚಿಮ ಬಂಗಾಳ 1996ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತ್ತು, ಮಹಾರಾಷ್ಟ್ರ ಆಮೇಲೆ ಮಾಡಿತು. ನಮ್ಮಲ್ಲಿ ಉಜಿರೆಯಂಥ ಕಡೆ ಕಲಿಸುವ, ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿ.ಎನ್.ವೈ.ಎಸ್. ಪದವಿಯಲ್ಲಿ ಇದು ಪಾಠವಾಗಿದೆ. ಕಡಿಮೆ ಅವಧಿಯ ಡಿಪ್ಲೊಮಾ ಪಡೆದವರೂ ಕ್ಲಿನಿಕ್ ನಡೆಸುತ್ತಾರೆ. ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಓದಿ ನೋಡುವುದರಲ್ಲಿ ಅವಮರ್ಯಾದೆ ಏನಿಲ್ಲ.

ಹಣ ಪಡೆದು ಕೊಡುವ ವೈದ್ಯಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಚಿಕಿತ್ಸೆ ಫಲಿಸದಿದ್ದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ ಎಂಬುದು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಸಾರ. 2008ರ ಸಮೀರಾ ಕೊಹ್ಲಿ ತೀರ್ಪು ಒಪ್ಪಿಗೆ ಎಂದರೆ ಅಪಾಯ, ಪರ್ಯಾಯ ಎಲ್ಲ ತಿಳಿದು ಕೊಟ್ಟ ಒಪ್ಪಿಗೆ ಎಂದಿತು. 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಡಿ ಗುಣಪಡಿಸುತ್ತೇವೆಂದು ಸಾರಬಾರದ ಕಾಯಿಲೆಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಾರ್ಶ್ವವಾಯು, ಕಿವುಡು, ಬಂಜೆತನ, ಸಂಧಿವಾತ ಎಲ್ಲ ಇವೆ. ಬೋರ್ಡು ಬರೆಸುವ ಮುನ್ನ ಯಾವ ಪದ್ಧತಿಯವರೂ ಅದನ್ನು ಓದಿಕೊಳ್ಳುವುದು ಒಳ್ಳೆಯದು.

ನಿಲ್ಲಿಸುವುದು, ಮುಂದಕ್ಕೆ ಕಳಿಸುವುದು

ನಿಲ್ಲಿಸುವ ಮಾತನ್ನು ರೋಗಿ ಬಾಯಿಬಿಡುವ ತನಕ ಕಾಯಬಾರದು. ಗೊತ್ತುಮಾಡಿದ ದಿನ ಬಂದಾಗ ಚಿಕಿತ್ಸಕರೇ ಫೈಲು ತೆರೆದು ಮೊದಲ ಪುಟವನ್ನು ತೋರಿಸಬೇಕು. ಏನು ಬರೆದಿತ್ತು, ಈಗ ಏನಾಗಿದೆ ಎಂದು ಇಬ್ಬರೂ ಕೂಡಿ ನೋಡಬೇಕು. ಪೂರ್ತಿ ಹೋಗದಿದ್ದರೂ ರಾತ್ರಿ ನಿದ್ದೆ ಬರುತ್ತಿದ್ದರೆ ಇನ್ನು ನಾಲ್ಕು ಸಲ ಮುಂದುವರಿಸಬಹುದು, ಅದಕ್ಕೂ ಒಂದು ಗಡಿ ಹಾಕಿಕೊಂಡು. ಗುಣ ಕಂಡು ಎರಡು ವಾರಕ್ಕೇ ನೋವು ಮರಳುವವರಿಗೆ ಜೀವಮಾನವಿಡೀ ಸೂಜಿ ಬೇಕಾಗುವ ಬದಲು ವ್ಯಾಯಾಮದ ಕಡೆ ತಿರುಗುವುದು ಮೇಲು. ಏನೂ ಆಗದಿದ್ದರೆ ಮೂಳೆ ತಜ್ಞರಿಗೋ ನರರೋಗ ತಜ್ಞರಿಗೋ ಒಂದು ಚೀಟಿ ಬರೆಯಬೇಕು: ಯಾವ ತೊಂದರೆಗೆ ಬಂದರು, ಎಷ್ಟು ಸಲ ಮಾಡಿದ್ದು, ಮೊದಲ ಅಂಕ ಎಷ್ಟು ಕೊನೆಯದು ಎಷ್ಟು, ಯಾವ ಮಾತ್ರೆಗಳು ನಡೆಯುತ್ತಿವೆ, ನಿಲ್ಲಿಸಿದ ತಾರೀಖು ಯಾವುದು. ಅರ್ಧ ಪುಟ ಸಾಕು. ಮುಂಗಡ ಕೊಟ್ಟಿದ್ದರೆ ಉಳಿದ ಹಣವನ್ನು ಆ ಚೀಟಿಯ ಜೊತೆಗೇ ವಾಪಸು ಕೊಡಬೇಕು.